ಚಾಮಯ್ಯ ಮೇಷ್ಟ್ರ ಮೇಲೊಂದು ತಕರಾರು

'ನಾಗರಹಾವು' ಬಗ್ಗೆ ಅಭಿಪ್ರಾಯ ಇಲ್ಲದ ಕನ್ನಡಿಗರು ಸಿಗುವುದು ಕಷ್ಟ. ಸಿನಿಮಾ ಪೂರ್ತಿ ನೋಡದವರಿಗೂ ಒಂದು ಅಭಿಪ್ರಾಯ ಇರುತ್ತದೆ. ಟಿವಿಯಲ್ಲಿ ಅರ್ಧಂಬರ್ಧ ನೋಡಿದವರು, ಆರ್ಕೆಸ್ಟ್ರಾದಲ್ಲಿ ಹಾಡು ಮಾತ್ರ ಕೇಳಿದವರು, ಜಲೀಲನ 'ಬುಲ್ ಬುಲ್' ಡೈಲಾಗನ್ನು ಮಿಮಿಕ್ರಿಯಲ್ಲಿ ಕೇಳಿ ನಕ್ಕವರು, ಎಲ್ಲರೂ ಈ ಜಗಳದಲ್ಲಿ ಪಾಲುದಾರರೇ. ಹೌದು, ಜಗಳವೇ. ನಾಲ್ಕು ಜನ ಸೇರಿದ ಕಡೆ ಈ ಸಿನಿಮಾದ ಹೆಸರು ಎತ್ತಿ ನೋಡಿ. ಮೊದಲು ಹಾಡು ಬರುತ್ತದೆ, ಆಮೇಲೆ ವಿಷ್ಣುವರ್ಧನ್ ಬರುತ್ತಾರೆ, ಹತ್ತು ನಿಮಿಷದೊಳಗೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: ಹೀರೋ ರಾಮಾಚಾರಿ ಮಾಡಿದ್ದು ಸರಿನಾ?

ಈ ಜಗಳವನ್ನು ಶುರು ಮಾಡಿದವರು ಪ್ರೇಕ್ಷಕರಲ್ಲ, ಕಥೆ ಬರೆದವರೇ. ತ.ರಾ.ಸುಬ್ಬರಾಯರಿಗೆ ಸಿನಿಮಾ ಹಿಡಿಸಲಿಲ್ಲ. ನನ್ನ ನಾಗರಹಾವನ್ನು ಪುಟ್ಟಣ್ಣ ಕೇರೆಹಾವು ಮಾಡಿಬಿಟ್ಟರು ಅನ್ನುವ ಅವರ ಮಾತು ಇವತ್ತಿಗೂ ಬಾಯಿಂದ ಬಾಯಿಗೆ ಓಡಾಡುತ್ತಿದೆ. ಸಿನಿಮಾ ಮರೆತವರಿಗೂ ಆ ಮಾತು ನೆನಪಿದೆ. ಲೇಖಕರೊಬ್ಬರು ತಮ್ಮ ಕಥೆಯ ಸಿನಿಮಾದ ಬಗ್ಗೆ ಹೇಳಿದ ಇಷ್ಟು ಚುರುಕಾದ ವಿಮರ್ಶೆ ಕನ್ನಡದಲ್ಲಿ ಇನ್ನೊಂದು ಇರಲಾರದು.

ಹಿನ್ನೆಲೆ ಗೊತ್ತಿಲ್ಲದವರಿಗೆ ಒಂದೆರಡು ಮಾತು. 'ನಾಗರಹಾವು' ಬಿಡುಗಡೆಯಾದದ್ದು 1972ರ ಡಿಸೆಂಬರ್ ಕೊನೆಯಲ್ಲಿ. ನಿರ್ಮಾಪಕರು ಎನ್.ವೀರಾಸ್ವಾಮಿ, ನಿರ್ದೇಶಕರು ಪುಟ್ಟಣ್ಣ ಕಣಗಾಲ್, ಸಂಗೀತ ವಿಜಯಭಾಸ್ಕರ್. ಕಥೆ ಒಂದು ಕಾದಂಬರಿಯದ್ದಲ್ಲ, ಮೂರರದ್ದು. 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರೂ ಕಾದಂಬರಿಗಳನ್ನು ಸೇರಿಸಿ ಒಂದೇ ಸಿನಿಮಾ ಮಾಡಿದರು. ಸಂಪತ್ ಕುಮಾರ್ ಎಂಬ ಹುಡುಗನಿಗೆ ವಿಷ್ಣುವರ್ಧನ್ ಅಂತ ಹೆಸರಿಟ್ಟು ನಾಯಕನನ್ನಾಗಿ ಮಾಡಿದರು. ಆಗ ಅವರಿಗೆ 22 ವರ್ಷ. ಜಲೀಲನಾಗಿ ಬಂದ ಅಂಬರೀಶ್‌ಗೆ 20. ಚಾಮಯ್ಯ ಮೇಷ್ಟ್ರಾಗಿದ್ದ ಕೆ.ಎಸ್.ಅಶ್ವತ್ಥ್‌ಗೆ 47. ಈ ಮೂರನೇ ಸಂಖ್ಯೆ ನನ್ನನ್ನು ಬೆಚ್ಚಿಬೀಳಿಸುತ್ತದೆ. ನಮ್ಮ ತಲೆಯಲ್ಲಿ ಚಾಮಯ್ಯ ಮೇಷ್ಟ್ರು ಹುಟ್ಟುವಾಗಲೇ ಮುದುಕರು. 47 ಅಂದರೆ ಇವತ್ತು ಜಿಮ್‌ಗೆ ಹೋಗಿ ಫೋಟೋ ಹಾಕುವ ವಯಸ್ಸು.

ಪುಟ್ಟಣ್ಣನವರಿಗೆ ಕಾದಂಬರಿ ಹೊಸದೇನಾಗಿರಲಿಲ್ಲ. ತ್ರಿವೇಣಿಯವರ 'ಬೆಳ್ಳಿಮೋಡ', 'ಶರಪಂಜರ', ಎಂ.ಕೆ.ಇಂದಿರಾ ಅವರ 'ಗೆಜ್ಜೆಪೂಜೆ' ಎಲ್ಲ ಅದಕ್ಕೂ ಮೊದಲೇ ಸಿನಿಮಾ ಆಗಿದ್ದವು. ತ್ರಿವೇಣಿ 1963ರಲ್ಲೇ ತೀರಿಕೊಂಡಿದ್ದರು. ತಮ್ಮ ಕಾವೇರಿಯನ್ನು ಕಲ್ಪನಾ ಹೇಗೆ ಮಾಡಿದರು ಅಂತ ನೋಡಿ ಹೊಗಳುವುದಕ್ಕೂ ಬೈಯುವುದಕ್ಕೂ ಅವರಿರಲಿಲ್ಲ. ತ.ರಾ.ಸು. ಇದ್ದರು. ನೋಡಿದರು, ಅನ್ನಿಸಿದ್ದನ್ನು ಅಂದರು.

ಈಗ ಪ್ರೇಕ್ಷಕರ ಕಡೆ ಬರೋಣ. ನಮ್ಮ ಮನೆಯನ್ನೇ ತೆಗೆದುಕೊಂಡರೆ ಮೂರು ಪಕ್ಷ ಇವೆ. ಇಂಥ ಪಕ್ಷಗಳು ನಿಮ್ಮ ಮನೆಯಲ್ಲೂ ಇರಬಹುದು.

ನಮ್ಮ ದೊಡ್ಡಪ್ಪ ತ.ರಾ.ಸು. ಪಕ್ಷ. ಅವರು ಮೊದಲು ಪುಸ್ತಕ ಓದಿ ಆಮೇಲೆ ಸಿನಿಮಾ ನೋಡಿದವರು. ಅವರ ಪ್ರಕಾರ ರಾಮಾಚಾರಿಯ ಸಿಟ್ಟು ಅಂದರೆ ಮೈ ಸುಡುವಂಥದ್ದು. ಅದನ್ನು ಓದುವಾಗ ಅವನ ಮೇಲೆ ಪ್ರೀತಿ ಬರಬಾರದು, ಭಯ ಆಗಬೇಕು. ಸಿನಿಮಾದಲ್ಲಿ ಅವನು ಕೋಟೆ ಹತ್ತಿ ಕೈ ಚಾಚಿ ಹಾಡಿದ ಕೂಡಲೇ ಆಟ ಮುಗೀತು, ಇನ್ನು ಅವನು ಯಾರನ್ನು ಹೊಡೆದರೂ ನಾವು ಚಪ್ಪಾಳೆ ತಟ್ಟುತ್ತೇವೆ ಅನ್ನುತ್ತಾರೆ. ಮಾತಿನಲ್ಲಿ ಸತ್ಯ ಇದೆ. ತನ್ನನ್ನು ಅವಮಾನ ಮಾಡಿದ ಪ್ರಿನ್ಸಿಪಾಲರ ಮನೆಗೆ ರಾತ್ರಿ ಕಲ್ಲು ತೂರಿ, ಅವರನ್ನು ಅರೆಬೆತ್ತಲೆ ಮಾಡಿ ಕಂಬಕ್ಕೆ ಕಟ್ಟಿಹಾಕುವ ಹುಡುಗ ಅವನು. ನಿಜ ಜೀವನದಲ್ಲಿ ಇಂಥದ್ದು ನಡೆದರೆ ಪತ್ರಿಕೆಯಲ್ಲಿ ಓದಿ ಛೀ ಅನ್ನುತ್ತೇವೆ. ಸಿನಿಮಾದಲ್ಲಿ ಅಲ್ಲಿ ಪ್ರಿನ್ಸಿಪಾಲರಾಗಿ ಲೋಕನಾಥ್ ಇದ್ದಾರೆ, ಹಾಗಾಗಿ ನಗುತ್ತೇವೆ.

ಚಿಕ್ಕಮ್ಮ ವಿಷ್ಣು ಪಕ್ಷ. ಅವರ ಹತ್ತಿರ ಕಾದಂಬರಿ, ಮೂಲಕೃತಿ ಅಂತೆಲ್ಲ ಮಾತಾಡಿ ಪ್ರಯೋಜನ ಇಲ್ಲ. 'ಬಾರೆ ಬಾರೆ' ಹಾಡಿನಲ್ಲಿ ಆರತಿ, ವಿಷ್ಣು ಇಬ್ಬರೂ ಸ್ಲೋ ಮೋಷನ್‌ನಲ್ಲಿ ತೇಲಿಕೊಂಡು ಬರುವಾಗ ಥಿಯೇಟರ್‌ನಲ್ಲಿ ಉಸಿರು ಬಿಗಿಹಿಡಿದಿದ್ದನ್ನು ಅವರು ಇವತ್ತಿಗೂ ಹೇಳುತ್ತಾರೆ. ಅಷ್ಟು ಸಾಕಲ್ಲ, ಇನ್ನೇನು ಬೇಕು ಅನ್ನೋದು ಅವರ ವಾದ. ಸುಮ್ನೆ ತಳ್ಳಿಹಾಕುವ ವಾದವಲ್ಲ ಇದು. ಮೂರು ಕಾದಂಬರಿಗಳ ಪುಟಗಳಲ್ಲಿ ಹರಡಿಕೊಂಡಿರುವ ಒಲವನ್ನು ಒಂದು ಹಾಡಿನಲ್ಲಿ ದಾಟಿಸಬೇಕಾದಾಗ, ಓಡುವ ಹೆಜ್ಜೆಗಳನ್ನು ನಿಧಾನ ಮಾಡೋಣ ಅಂತ ಹೊಳೆಯುವುದು ದೊಡ್ಡ ಜಾಣತನ. ರಾಮಾಚಾರಿಯ ಬದುಕಿನಲ್ಲಿ ಎಲ್ಲವೂ ದುಡುಕಿನಲ್ಲಿ ನಡೆಯುತ್ತದೆ. ಅವನು ಪ್ರೀತಿಸುವ ಅಲಮೇಲು, ಅಂದರೆ ಆರತಿ, ಇದ್ದಾಗ ಮಾತ್ರ ಸಮಯ ನಿಂತುಕೊಳ್ಳುತ್ತದೆ. ಯಾರೂ ಬಾಯಿಬಿಟ್ಟು ಹೇಳದೆ ಇದು ನಮಗೆ ಗೊತ್ತಾಗಿಬಿಡುತ್ತದೆ.

ಮೂರನೆಯದು ಅಣ್ಣನ ಮಗಳ ಪಕ್ಷ. ಅವಳದ್ದು ಹೊಸ ಕಣ್ಣು. ಜಲೀಲ ಹುಡುಗಿಯ ಹಿಂದೆ ಬಿದ್ದು ಕಾಡಿಸುವುದಕ್ಕೆ ಜನ ಯಾಕೆ ಶಿಳ್ಳೆ ಹಾಕಬೇಕು ಅಂತ ಕೇಳುತ್ತಾಳೆ. ಪೋಲಿ ಹುಡುಗನಿಗೆ ಆ ಹೆಸರೇ ಯಾಕೆ ಬೇಕಿತ್ತು ಅಂತಲೂ ಕೇಳುತ್ತಾಳೆ. ಕಾಲೇಜಿನಲ್ಲಿ ಎಲ್ಲರೆದುರು ರಾಮಾಚಾರಿ ಮಾರ್ಗರೆಟ್‌ಗೆ ಬಲವಂತವಾಗಿ ಮುತ್ತಿಡುವುದು, ಆಮೇಲೆ ಅವಳಿಗೆ ಅವನ ಮೇಲೆಯೇ ಪ್ರೀತಿ ಹುಟ್ಟುವುದು ಅಣ್ಣನ ಮಗಳಿಗೆ ಸಹಿಸಲಾಗದ ವಿಷಯ. ಆ ಕಾಲ ಹಾಗಿತ್ತು ಅಂತ ದೊಡ್ಡಪ್ಪ ಸಮಾಧಾನ ಹೇಳಿದರೆ, ಆ ಕಾಲದ ಹುಡುಗೀರನ್ನ ಕೇಳಿದ್ರಾ ದೊಡ್ತಾತ ಅಂತ ತಿರುಗಿ ಕೇಳುತ್ತಾಳೆ. ಚಿಕ್ಕಮ್ಮ ಆ ಕಾಲದ ಹುಡುಗಿಯೇ. ಅವರು ಆಗ ಸುಮ್ಮನೆ ಎದ್ದು ಒಳಗೆ ಹೋಗುತ್ತಾರೆ.

ಈ ಮೂರೂ ಪಕ್ಷದವರಿಗೂ ಒಂದು ಸಾಮಾನ್ಯ ಗುಣ ಇದೆ. ಮೂವರೂ ರಾಮಾಚಾರಿಯನ್ನೇ ನೋಡುತ್ತಾರೆ. ಅವನು ಹಾವಾ, ಹೀರೋನಾ, ಪುಂಡನಾ ಅಂತ ಚರ್ಚೆ. ಪಕ್ಕದಲ್ಲಿ ನಿಂತಿರುವ ಚಾಮಯ್ಯ ಮೇಷ್ಟ್ರ ಮೇಲೆ ಯಾರ ಕಣ್ಣೂ ಹೋಗುವುದಿಲ್ಲ. ಹೋದರೂ ಕೈಮುಗಿದು ವಾಪಸ್ ಬರುತ್ತದೆ.

ನನ್ನ ತಕರಾರು ಇರುವುದು ಅಲ್ಲೇ.

ತ.ರಾ.ಸು. ಹೇಳಿದ ಹಾಗೆ ಹಾವಿನ ವಿಷ ಸಿನಿಮಾದಲ್ಲಿ ಕಡಿಮೆಯಾಗಿದೆ ಅಂತಲೇ ಇಟ್ಟುಕೊಳ್ಳೋಣ. ಹಾಗಾದರೆ ಆ ವಿಷ ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಿಲ್ಲ, ಜಾಗ ಬದಲಿಸಿದೆ ಅಷ್ಟೇ ಅಂತ ನನ್ನ ಲೆಕ್ಕ. ರಾಮಾಚಾರಿಯ ಹಲ್ಲಿನಿಂದ ಇಳಿದು ಮೇಷ್ಟ್ರ ಮಾತಿಗೆ ಬಂದು ಕೂತಿದೆ. ಅಶ್ವತ್ಥ್ ಅವರ ಮುಖ ಅಷ್ಟು ಸೌಮ್ಯ, ದನಿ ಅಷ್ಟು ಮೃದು. ಅದಕ್ಕೇ ಅದು ವಿಷ ಅಂತ ನಮಗೆ ಗೊತ್ತಾಗುವುದಿಲ್ಲ.

ಅಲಮೇಲುವನ್ನು ಬಿಟ್ಟುಬಿಡು ಅಂತ ಮೇಷ್ಟ್ರು ರಾಮಾಚಾರಿಯನ್ನು ಒಪ್ಪಿಸುವ ಸನ್ನಿವೇಶ ಇದೆಯಲ್ಲ, ಅದನ್ನು ಇನ್ನೊಮ್ಮೆ ನೋಡಿ. ಹಿಂದೆ ಏನು ನಡೆದಿದೆ ಅಂತ ನೆನಪಿಸಿಕೊಳ್ಳಿ. ಅಲಮೇಲುವಿನ ಅಣ್ಣ ವರದ, ಅಂದರೆ ಶಿವರಾಮಣ್ಣ, ಜಲೀಲನ ಕಾಟ ತಪ್ಪಿಸಲು ರಾಮಾಚಾರಿಯ ಬಲವನ್ನು ಬಳಸಿಕೊಂಡಿದ್ದಾನೆ. ಇಬ್ಬರಿಗೂ ಪ್ರೀತಿ ಹುಟ್ಟಿದೆ. ಈಗ ಮದುವೆಯ ಮಾತು ಬಂದಾಗ ಜಾತಿಯ ಲೆಕ್ಕ ಎದ್ದು ನಿಲ್ಲುತ್ತದೆ. ಹುಡುಗಿಯ ಮನೆಯವರಿಗೆ ರಾಮಾಚಾರಿಯನ್ನು ಎದುರಿಸುವ ತಾಕತ್ತಿಲ್ಲ. ಅವರು ನೇರವಾಗಿ ಮೇಷ್ಟ್ರ ಹತ್ತಿರ ಹೋಗುತ್ತಾರೆ. ಹಾವಾಡಿಗ ಯಾರು ಅಂತ ಊರಿಗೆಲ್ಲ ಗೊತ್ತು!

ಮೇಷ್ಟ್ರು ಬೈಯುವುದಿಲ್ಲ. ಹೆದರಿಸುವುದಿಲ್ಲ. ಅವನ ತಂದೆತಾಯಿ ಮಾಡುವಂತೆ ಕೂಗಾಡುವುದಿಲ್ಲ. ತ್ಯಾಗ ಅಂದರೆ ಎಷ್ಟು ದೊಡ್ಡದು ಅಂತ ಪುರಾಣದ ಕಥೆ ಹೇಳುತ್ತಾರೆ. ರಾಮಾಚಾರಿ ತನ್ನ ಜೀವನದಲ್ಲಿ ಯಾರಿಗೂ ತಲೆಬಾಗದವನು. ಊರು ಅವನನ್ನು ಕೆಟ್ಟವನು ಅಂತ ಬರೆದು ಅಂಟಿಸಿಬಿಟ್ಟಿದೆ. ಅವನನ್ನು ಒಳ್ಳೆಯವನು ಅಂತ ನಂಬಿದ್ದು ಒಬ್ಬರೇ, ಈ ಮೇಷ್ಟ್ರು. ಈಗ ಅದೇ ನಂಬಿಕೆಯನ್ನು ಮೇಷ್ಟ್ರು ಮುಂದಿಡುತ್ತಾರೆ. ನೀನು ಒಳ್ಳೆಯವನಾದರೆ ಇದನ್ನು ಬಿಡುತ್ತೀಯ. ಹಾಗಂತ ಅವರು ಬಾಯಿಬಿಟ್ಟು ಅನ್ನಬೇಕಿಲ್ಲ, ಅವರು ಹೇಳುವ ಕಥೆಯೇ ಅನ್ನುತ್ತದೆ. ಹುಡುಗನ ಮುಖ ನೋಡಿ. ಸಿಟ್ಟು ಬರಬೇಕಿತ್ತು, ಬರುವುದಿಲ್ಲ. ಹೊಡೆದಾಡುವುದಕ್ಕೆ ಎದುರಾಳಿಯೇ ಇಲ್ಲ. ಎದುರಿಗೆ ಇರುವುದು ಪ್ರೀತಿ. ಅವನು ಸೋಲುತ್ತಾನೆ.

ನನಗೆ ಇದು ಇಡೀ ಸಿನಿಮಾದ ಅತ್ಯಂತ ಕ್ರೂರ ಸನ್ನಿವೇಶ ಅನ್ನಿಸುತ್ತದೆ. ಜಲೀಲನ ಜೊತೆಗಿನ ಹೊಡೆದಾಟಕ್ಕಿಂತ ಕ್ರೂರ. ಮತ್ತೆ ಗಮನಿಸಿ, ಅಲಮೇಲು ಈ ಮಾತುಕತೆಯಲ್ಲಿ ಇಲ್ಲವೇ ಇಲ್ಲ. ಅವಳನ್ನು ತ್ಯಾಗ ಮಾಡುವುದು ಅವನು, ಮಾಡಿಸುವುದು ಇವರು. ತ್ಯಾಗವಾಗುವವಳಿಗೆ ಒಂದು ಮಾತಾದರೂ ಕೇಳಬೇಕಿತ್ತಲ್ಲ. ಅಣ್ಣನ ಮಗಳ ಹೊಸ ಕಣ್ಣಿಗೆ ಜಲೀಲ ಕಾಣಿಸಿದ, ಆದರೆ ಇದು ಕಾಣಿಸಲಿಲ್ಲ. ಅಶ್ವತ್ಥ್ ಅಷ್ಟು ಚೆನ್ನಾಗಿ ಮಾಡಿದ್ದಾರೆ ಅಂತ ಅರ್ಥ.

ಮುಂದೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಅಲಮೇಲು ಮದುವೆಯಾಗಿ ಹೋಗುತ್ತಾಳೆ. ಗಂಡನೇ ಅವಳನ್ನು ವೇಶ್ಯಾವಾಟಿಕೆಗೆ ತಳ್ಳುತ್ತಾನೆ. ವರ್ಷಗಳ ಮೇಲೆ ಹೋಟೆಲ್ ಒಂದರ ಕೋಣೆಯಲ್ಲಿ ರಾಮಾಚಾರಿಗೆ ಅವಳು ಎದುರಾಗುತ್ತಾಳೆ. ಆರತಿ ಆ ಸನ್ನಿವೇಶವನ್ನು ನಿಭಾಯಿಸಿದ ರೀತಿಗೆ ಎಷ್ಟು ಹೊಗಳಿದರೂ ಸಾಲದು. ಸ್ಲೋ ಮೋಷನ್‌ನಲ್ಲಿ ತೇಲಿ ಬಂದ ಅದೇ ಹುಡುಗಿ ಇವಳು. ಜಾತಿ ಸರಿಯಾಗಿದ್ದ ಗಂಡ, ಎಲ್ಲರೂ ಒಪ್ಪಿದ ಮದುವೆ, ಗುರುವಿನ ಆಶೀರ್ವಾದ. ಎಲ್ಲ ಸರಿ ಇತ್ತು. ಅದರ ಫಲ ಇವಳು.

ಈ ಸನ್ನಿವೇಶದಲ್ಲಿ ಪುಟ್ಟಣ್ಣ ಮೇಷ್ಟ್ರ ಮೇಲೆ ತೀರ್ಪು ಕೊಟ್ಟಾಗಿದೆ. ಆದರೆ ಮೇಷ್ಟ್ರ ಹೆಸರು ಹೇಳಿ ಬೈಯುವುದಿಲ್ಲ. ರಾಮಾಚಾರಿಯ ಒಳಗೆ ಏನೋ ಮುರಿಯುತ್ತದೆ, ಅಷ್ಟನ್ನು ತೋರಿಸುತ್ತಾರೆ. ಗುರುವಿನ ಮಾತು ತಪ್ಪಾಗಬಹುದು ಅನ್ನುವುದು ಅವನ ಮಟ್ಟಿಗೆ ಭೂಮಿ ಬಾಯಿಬಿಟ್ಟಂಥ ಸುದ್ದಿ. ಪ್ರೇಕ್ಷಕರಿಗೂ ಅಷ್ಟೇ ಆಗಬೇಕಿತ್ತು. ಆಗಲಿಲ್ಲ. ನಾವು ಗಂಡನನ್ನು ಬೈದು, ವಿಧಿಯನ್ನು ಬೈದು, ಸಮಾಜವನ್ನು ಬೈದು ಹೊರಗೆ ಬಂದೆವು. ಮೇಷ್ಟ್ರು ಕ್ಲೀನಾಗಿ ಉಳಿದುಕೊಂಡರು. ಇವತ್ತಿಗೂ ಶಿಕ್ಷಕರ ದಿನಾಚರಣೆ ಬಂದರೆ ಚಾಮಯ್ಯ ಮೇಷ್ಟ್ರ ಫೋಟೋ ಮೊಬೈಲ್‌ನಿಂದ ಮೊಬೈಲ್‌ಗೆ ಹಾರುತ್ತದೆ. ಸಿನಿಮಾ ಸರಿಯಾಗಿ ನೋಡಿದವರು ಅದನ್ನು ಕಳಿಸುವ ಮೊದಲು ಒಂದು ಸಲ ಯೋಚಿಸಬೇಕು!

ಇದಕ್ಕೆ ಕಾರಣ ಏನು ಅಂತ ಹುಡುಕಿದರೆ ನಟರ ಮುಖದ ವಿಚಾರ ಬರುತ್ತದೆ. ಕಾದಂಬರಿಯಲ್ಲಿ ಮೇಷ್ಟ್ರಿಗೆ ಮುಖ ಇಲ್ಲ. ಓದುವವರು ತಮಗೆ ಗೊತ್ತಿರುವ ಯಾವುದೋ ಮೇಷ್ಟ್ರ ಮುಖ ಅಂಟಿಸಿಕೊಳ್ಳುತ್ತಾರೆ. ಅದು ಪ್ರೀತಿಯ ಮುಖವೂ ಇರಬಹುದು, ಬೆತ್ತದ ನೆನಪಿನ ಮುಖವೂ ಇರಬಹುದು. ಸಿನಿಮಾದಲ್ಲಿ ಆ ಆಯ್ಕೆ ಇಲ್ಲ. ಎಲ್ಲರಿಗೂ ಒಂದೇ ಮುಖ. ಆ ಮುಖ ಅಶ್ವತ್ಥ್ ಅವರದ್ದು. ಅಪ್ಪನಾಗಿ, ಹಿರಿಯರಾಗಿ, ಒಳ್ಳೆಯವರಾಗಿಯೇ ಜನ ನೋಡಿದ್ದ ಮುಖ. ಆ ಬಾಯಿಂದ ತಪ್ಪು ಮಾತು ಬಂದರೂ ಕಿವಿ ಅದನ್ನು ಸರಿಮಾಡಿಕೊಂಡು ಕೇಳಿಸಿಕೊಳ್ಳುತ್ತದೆ. ಆ ವರ್ಷದ ರಾಜ್ಯ ಪ್ರಶಸ್ತಿಗಳಲ್ಲಿ ವಿಷ್ಣುವರ್ಧನ್ ಅತ್ಯುತ್ತಮ ನಟ ಆದರು, ಅಶ್ವತ್ಥ್ ಅತ್ಯುತ್ತಮ ಪೋಷಕ ನಟ. ಪೋಷಕ ಅನ್ನುವ ಮಾತು ನನಗೆ ಒಪ್ಪಿಗೆ ಇಲ್ಲ. ಇದು ಅವರದ್ದೇ ಸಿನಿಮಾ.

ಇದನ್ನು ಪರೀಕ್ಷೆ ಮಾಡಿ ನೋಡುವುದಕ್ಕೂ ಒಂದು ದಾರಿ ಇದೆ. 1974ರಲ್ಲಿ ಪುಟ್ಟಣ್ಣನವರೇ ಇದನ್ನು ಹಿಂದಿಯಲ್ಲಿ 'ಜಹರೀಲಾ ಇನ್ಸಾನ್' ಅಂತ ಮಾಡಿದರು. ರಾಮಾಚಾರಿಯ ಜಾಗದಲ್ಲಿ ರಿಷಿ ಕಪೂರ್. ಮೌಶುಮಿ ಚಟರ್ಜಿ, ನೀತೂ ಸಿಂಗ್ ನಾಯಕಿಯರು. ಅಂಬರೀಶ್ ಅಲ್ಲೂ ಇದ್ದಾರೆ. ಆರ್.ಡಿ.ಬರ್ಮನ್ ಸಂಗೀತದ 'ಓ ಹಂಸಿನಿ' ಹಾಡು ಈಗಲೂ ಕೇಳಿಬರುತ್ತದೆ, ಆದರೆ ಸಿನಿಮಾವನ್ನು ನೆನಪಿಸಿಕೊಳ್ಳುವವರು ಕಡಿಮೆ. ನಿರ್ದೇಶಕರು ಅವರೇ, ಕಥೆ ಅದೇ. ಯಾಕೆ ಹತ್ತಲಿಲ್ಲ? ರಿಷಿ ಕಪೂರ್ ಮುದ್ದಾದ ಹುಡುಗ, ಅವರಿಗೆ ಆ ಸಿಟ್ಟು ಹೊಂದಲಿಲ್ಲ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಇರಬಹುದು. ನನಗೆ ಕಾಣುವುದು ಬೇರೆ. ಅಲ್ಲಿ ಮೇಷ್ಟ್ರು ಪ್ರಾಣ್. ದೊಡ್ಡ ನಟ, ಅನುಮಾನವೇ ಇಲ್ಲ. 'ಉಪಕಾರ್' ಆದ ಮೇಲೆ ಒಳ್ಳೆಯ ಪಾತ್ರಗಳನ್ನೂ ಬೇಕಾದಷ್ಟು ಮಾಡಿದವರು. ಆದರೂ ಖಳನಾಗಿ ಅವರನ್ನು ವರ್ಷಗಟ್ಟಲೆ ನೋಡಿದ ಜನ ಅವರ ಮೃದು ಮಾತನ್ನು ಕಣ್ಣುಮುಚ್ಚಿ ನಂಬುತ್ತಾರಾ? ಈ ಕಥೆ ನಿಂತಿರುವುದೇ ಆ ನಂಬಿಕೆಯ ಮೇಲೆ. ಹುಡುಗ ಯಾಕೆ ಸೋತ ಅನ್ನುವುದು ನಮಗೆ ಒಳಗಿನಿಂದ ಗೊತ್ತಾಗಬೇಕು. ನಾವೂ ಮೇಷ್ಟ್ರಿಗೆ ಸೋತಿರಬೇಕು.

2018ರ ಜುಲೈನಲ್ಲಿ 'ನಾಗರಹಾವು' ಹೊಸ ರೂಪದಲ್ಲಿ, ಹೊಸ ಸೌಂಡಿನಲ್ಲಿ ಮತ್ತೆ ತೆರೆಗೆ ಬಂತು. ವಿಷ್ಣುವರ್ಧನ್ ಹೋಗಿ ಎಂಟು ವರ್ಷ ದಾಟಿತ್ತು. ಅಂಬರೀಶ್ ಇನ್ನೂ ಇದ್ದರು, ಅದೇ ನವೆಂಬರ್‌ನಲ್ಲಿ ಅವರೂ ಹೋದರು. ನಾನು ಆಗ ಥಿಯೇಟರ್‌ಗೆ ಹೋಗಿದ್ದೆ. ಎದುರಿನ ಸಾಲಿನಲ್ಲಿ ಕಾಲೇಜು ಹುಡುಗರ ದಂಡು. ಸಿನಿಮಾ ಬಿಡುಗಡೆಯಾದಾಗ ಅವರ ಅಪ್ಪಂದಿರೇ ಹುಟ್ಟಿದ್ದರೋ ಇಲ್ಲವೋ. ರಾಮಾಚಾರಿ ಬಂದಾಗ ಶಿಳ್ಳೆ, ಹಾಡಿಗೆ ಶಿಳ್ಳೆ, ಜಲೀಲನಿಗೂ ಶಿಳ್ಳೆ. ಡೈಲಾಗ್‌ಗಳನ್ನು ಪರದೆಗಿಂತ ಮುಂಚೆ ಇವರೇ ಹೇಳುತ್ತಿದ್ದರು. ಹೋಟೆಲ್ ಕೋಣೆಯ ಸನ್ನಿವೇಶ ಬಂದಾಗ ಮಾತ್ರ ಎಲ್ಲರೂ ಗಪ್‌ಚುಪ್. ನನ್ನ ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಹೆಂಗಸು, 'ಎಲ್ಲಾ ಆ ಮೇಷ್ಟ್ರಿಂದ' ಅಂದರು. ಯಾರಿಗೆ ಹೇಳಿದರೋ ಗೊತ್ತಿಲ್ಲ. ನನಗೆ ಅವರ ಕೈಕುಲುಕಬೇಕು ಅನ್ನಿಸಿತು. ಅಲ್ಲಿಯವರೆಗೆ ಈ ತಕರಾರು ನನಗೊಬ್ಬನಿಗೇ ಇರೋದು ಅಂದುಕೊಂಡಿದ್ದೆ.

ಇಂಟರ್‌ವಲ್‌ನಲ್ಲಿ ಇನ್ನೊಂದು ವಾದ ಕಿವಿಗೆ ಬಿತ್ತು. ಒನಕೆ ಓಬವ್ವನ ಹಾಡು ಕಥೆಗೆ ಬೇಕಿರಲಿಲ್ಲ, ಸುಮ್ನೆ ತುರುಕಿದ್ದಾರೆ ಅಂತ ಒಬ್ಬ ಹುಡುಗ ಅಂದ. ಇನ್ನೊಬ್ಬ ಅವನನ್ನು ಹೊಡೆಯುವುದೊಂದು ಬಾಕಿ. ಈ ವಾದ ಹಳೆಯದು. ಕಥೆ ನಡೆಯುವುದು ಚಿತ್ರದುರ್ಗದಲ್ಲಿ, ತ.ರಾ.ಸು. ಅವರದ್ದೂ ಅದೇ ಜಿಲ್ಲೆಯ ತಳುಕಿನ ಮನೆತನ. ದುರ್ಗದ ನಾಯಕರ ಮೇಲೆ 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಬರೆದವರು, ಕೊನೆಗೆ 'ದುರ್ಗಾಸ್ತಮಾನ'ವನ್ನೂ ಬರೆದರು. ದುರ್ಗಕ್ಕೆ ಹೋಗಿ ಓಬವ್ವನ ಕಿಂಡಿ ತೋರಿಸದೆ ಬರುವುದು ಯಾರಿಂದಲೂ ಆಗದ ಮಾತು ಅಂತ ಸುಲಭವಾಗಿ ಹೇಳಿಬಿಡಬಹುದು.

ನನಗೆ ಆ ಹಾಡು ಕಥೆಯ ಒಳಗೇ ಇದೆ ಅನ್ನಿಸುತ್ತದೆ. ಜಯಂತಿ ಬರುವುದು ಅದೊಂದೇ ಹಾಡಿಗೆ. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದಾನೆ. ನೀರು ತರಲು ಹೋದ ಹೆಂಡತಿ, ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳುವುದನ್ನು ನೋಡುತ್ತಾಳೆ. ಅವಳು ಗಂಡನನ್ನು ಕೇಳುವುದಿಲ್ಲ. ಊಟದಿಂದ ಎಬ್ಬಿಸುವುದೂ ಇಲ್ಲ. ಕೈಗೆ ಸಿಕ್ಕ ಒನಕೆ ಎತ್ತಿಕೊಳ್ಳುತ್ತಾಳೆ. ಇಡೀ ಸಿನಿಮಾದಲ್ಲಿ ಯಾರನ್ನೂ ಕೇಳದೆ ತನ್ನ ತೀರ್ಮಾನ ತಾನೇ ತೆಗೆದುಕೊಳ್ಳುವ ಹೆಂಗಸು ಇವಳೊಬ್ಬಳೇ. ಅವಳೂ ಇನ್ನೂರು ವರ್ಷ ಹಿಂದಿನವಳು. ಅದೇ ಊರಿನಲ್ಲಿ, ಅದೇ ಬಂಡೆಗಳ ನಡುವೆ ಅಲಮೇಲುವಿನ ಬದುಕನ್ನು ಗಂಡಸರು ಕೂತು ತೀರ್ಮಾನ ಮಾಡುತ್ತಾರೆ. ಪುಟ್ಟಣ್ಣ ಇದನ್ನು ಲೆಕ್ಕ ಹಾಕಿಯೇ ಮಾಡಿದರಾ? ಹೆಣ್ಣಿನ ಸಂಕಟವನ್ನೇ ಸಿನಿಮಾದಿಂದ ಸಿನಿಮಾಕ್ಕೆ ಕೆದಕಿದವರು ಅವರು. ಲೆಕ್ಕ ಇದ್ದೇ ಇರುತ್ತದೆ.

ಮಾರ್ಗರೆಟ್ ಬಗ್ಗೆ ಜಾಸ್ತಿ ಬರೆಯಲು ನನಗೆ ಮನಸ್ಸಿಲ್ಲ. ಶುಭಾ ಚೆನ್ನಾಗಿ ಮಾಡಿದ್ದಾರೆ. ಆದರೆ ಪಾತ್ರ ತೆಳ್ಳಗಿದೆ. ಮೂರು ಕಾದಂಬರಿಗಳನ್ನು ಒಂದು ಸಿನಿಮಾಕ್ಕೆ ಹಿಡಿಸಿದ್ದರ ಸುಸ್ತು ಕಾಣುವುದು ಅಲ್ಲೇ. ಅಲಮೇಲುವಿಗೆ ಸಿಕ್ಕಿದ ಸಮಯ ಅವಳಿಗೆ ಸಿಗಲಿಲ್ಲ. ದೊಡ್ಡಪ್ಪನ ಪಕ್ಷದವರು ಕಾದಂಬರಿ ಓದಿ ಅನ್ನುವುದು ಈ ಒಂದು ವಿಷಯದಲ್ಲಂತೂ ನ್ಯಾಯವಾದ ಮಾತು.

ಇನ್ನು ಕೊನೆ. ಮಾರ್ಗರೆಟ್ ಕ್ರಿಶ್ಚಿಯನ್ ಹುಡುಗಿ. ರಾಮಾಚಾರಿ ಈ ಸಲ ಬಿಡುವುದಿಲ್ಲ ಅನ್ನುತ್ತಾನೆ. ಮೇಷ್ಟ್ರು ಮತ್ತೆ ಬರುತ್ತಾರೆ, ಮತ್ತೆ ಬೇಡ ಅನ್ನುತ್ತಾರೆ. ಬೆಟ್ಟದ ಮೇಲೆ ಮಾತಿಗೆ ಮಾತು ಬೆಳೆಯುತ್ತದೆ. ಮೇಷ್ಟ್ರು ಕೆಳಗೆ ಬಿದ್ದು ಸಾಯುತ್ತಾರೆ. ಹಿಂದೆಯೇ ರಾಮಾಚಾರಿ, ಮಾರ್ಗರೆಟ್ ಇಬ್ಬರೂ ಹಾರುತ್ತಾರೆ. ತಳ್ಳಿದನಾ, ಕೈತಪ್ಪಿತಾ, ಕಾಲು ಜಾರಿತಾ ಅಂತ ಜನ ಇವತ್ತಿಗೂ ವಾದ ಮಾಡುತ್ತಾರೆ. ಕೆಲವರಂತೂ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿ ಸಾಕ್ಷಿ ಹೇಳುತ್ತಾರೆ. ಅದನ್ನು ಪತ್ತೆ ಮಾಡಿ ಆಗಬೇಕಾದದ್ದೇನು? ನನ್ನನ್ನು ಕಾಡುವುದು ಮೇಷ್ಟ್ರು ಎರಡನೇ ಸಲವೂ ಅದೇ ಮಾತು ಹೇಳುತ್ತಾರಲ್ಲ, ಅದು. ಅಲಮೇಲು ಏನಾದಳು ಅಂತ ರಾಮಾಚಾರಿಗೆ ಗೊತ್ತು, ನಮಗೆ ಗೊತ್ತು. ಆದರೂ ಅವರು ಒಂದು ಹೆಜ್ಜೆ ಹಿಂದೆ ಸರಿಯುವುದಿಲ್ಲ. ಕೆಟ್ಟವರಾಗಿದ್ದರೆ ಸರಿಯುತ್ತಿದ್ದರೇನೋ. ಕೆಟ್ಟವರಿಗೆ ಸೋಲು ಗೊತ್ತಾಗುತ್ತದೆ. ತಾವು ಒಳ್ಳೆಯದನ್ನೇ ಮಾಡುತ್ತಿದ್ದೇವೆ ಅಂತ ಪೂರ್ತಿ ನಂಬಿದವರಿಗೆ ಹಿಂದೆ ಸರಿಯಲು ಕಾರಣವೇ ಕಾಣುವುದಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಮಾತು ಒಪ್ಪಿಕೊಳ್ಳಬೇಕು. ಮೇಷ್ಟ್ರು ಇಲ್ಲದಿದ್ದರೆ ರಾಮಾಚಾರಿ ಅಲಮೇಲುವಿಗೆ ಸಿಗುವ ಮೊದಲೇ ಹಾಳಾಗಿ ಹೋಗುತ್ತಿದ್ದ. ಅವನ ಒಳಗೊಬ್ಬ ಮನುಷ್ಯ ಇದ್ದಾನೆ ಅಂತ ಕಂಡುಹಿಡಿದವರು ಅವರೇ. ಮಕ್ಕಳಿಲ್ಲದ ಚಾಮಯ್ಯ, ತುಂಗಮ್ಮ ದಂಪತಿಗೆ ಅವನೇ ಮಗ. ಆ ಪ್ರೀತಿ ಸುಳ್ಳಲ್ಲ. ಸುಳ್ಳಾಗಿದ್ದರೆ ಈ ಸಿನಿಮಾ ಇಷ್ಟು ವರ್ಷ ಉಳಿಯುತ್ತಿರಲಿಲ್ಲ, ನಾನು ಇಷ್ಟುದ್ದ ತಕರಾರು ಬರೆಯುತ್ತಲೂ ಇರಲಿಲ್ಲ.

ತುಂಗಮ್ಮನನ್ನು ಎಲ್ಲರೂ ಮರೆಯುತ್ತಾರೆ. ಲೀಲಾವತಿ ಮಾಡಿದ ಪಾತ್ರ. ಹಾವಾ ಕೇರೆಯಾ ಅನ್ನುವ ಗದ್ದಲದಲ್ಲಿ ಅವರ ಹೆಸರು ಬರುವುದೇ ಇಲ್ಲ. ರಾಮಾಚಾರಿಗೆ ಅನ್ನ ಹಾಕಿದವರು ಅವರು. ಕೊನೆಯಲ್ಲಿ ಗಂಡನೂ ಇಲ್ಲ, ಮಗನಂತಿದ್ದವನೂ ಇಲ್ಲ. ಗಂಡನ ತೀರ್ಮಾನಗಳ ಬಗ್ಗೆ ಅವರಿಗೆ ಏನನ್ನಿಸಿತ್ತು? ಸಿನಿಮಾದಲ್ಲಿ ಯಾರೂ ಅವರನ್ನು ಕೇಳುವುದಿಲ್ಲ, ಪ್ರೇಕ್ಷಕರಾದ ನಾವೂ ಕೇಳಲಿಲ್ಲ. ಮೂರು ಪಕ್ಷ ಅಂದೆನಲ್ಲ, ನಾಲ್ಕನೆಯದು ಕಟ್ಟುವುದಾದರೆ ನಾನು ತುಂಗಮ್ಮನ ಪಕ್ಷ.

ತ.ರಾ.ಸು. ಮತ್ತು ಪುಟ್ಟಣ್ಣನ ಜಗಳ ಏನಾಯಿತು ಅಂತ ಕೇಳುವವರಿಗೆ ಒಂದು ವಿಷಯ. ತ.ರಾ.ಸು. 1984ರಲ್ಲಿ ತೀರಿಕೊಂಡರು. ಪುಟ್ಟಣ್ಣ ಅದರ ಮರುವರ್ಷ ಹೋದರು. ಹೋಗುವ ಹೊತ್ತಿಗೆ ಅವರ ಕೈಯಲ್ಲಿ ಒಂದು ಸಿನಿಮಾ ಅರ್ಧಕ್ಕೆ ನಿಂತಿತ್ತು, ಅದನ್ನು ಕೆ.ಎಸ್.ಎಲ್.ಸ್ವಾಮಿ ಮುಗಿಸಿದರು. ಹೆಸರು 'ಮಸಣದ ಹೂವು'. ಅದರಲ್ಲಿ ಅಂಬರೀಶ್ ಇದ್ದರು, ಜಯಂತಿ ಇದ್ದರು. ಕಾದಂಬರಿ ತ.ರಾ.ಸು. ಅವರದ್ದು.